ತಪ್ಪು ಯಾರದು, ಖಗೋಳಜ್ಞನದೋ ಲಿಪಿಕಾರನದೋ?

ಗ್ರಹಗಣಿತದ ಹಳೆಯ ಹಸ್ತಪ್ರತಿಗಳ ಸಂಪಾದನೆ ನನ್ನ ಕೆಲಸ. ಇದರಲ್ಲಿ ಮಾತಿಗಿಂತ ಅಂಕಿಯ ಕಾಟವೇ ಜಾಸ್ತಿ. ಪದ ತಪ್ಪಿದರೆ ವಾಕ್ಯದ ಅರ್ಥ ಕೆಡುತ್ತದೆ, ಗೊತ್ತಾಗುತ್ತದೆ. 11 ಇರಬೇಕಾದ ಕಡೆ 14 ಇದ್ದರೆ? ಸಾಲು ಸುಮ್ನೆ ಓದಿಸಿಕೊಂಡು ಹೋಗುತ್ತದೆ. ಇಂಥ ತೊಡಕು ಬಂದಾಗ ಹೊಸಬರಿಗೆ ನಾನು ಹೇಳುವ ಹೆಸರು ಕಾರ್ಲ್ ಮನಿಟಿಯಸ್, ಹಳೆಯ ಗ್ರೀಕ್ ಖಗೋಳ ಗ್ರಂಥಗಳನ್ನು ಸಂಪಾದಿಸಿದವರು.

ಇವರು ಜರ್ಮನಿಯ ಡ್ರೆಸ್ಡನ್‌ನವರು, ಜಿಮ್ನಾಸಿಯಂ ಎನ್ನುವ ಅಲ್ಲಿನ ಹೈಸ್ಕೂಲಿನ ಮೇಷ್ಟ್ರು. ಮೇಷ್ಟ್ರಿಗೆ ಈ ಉಸಾಬರಿ ಯಾಕೆ ಅನ್ನಿಸಬಹುದು. ಆ ಕಾಲದ ಜರ್ಮನಿಯಲ್ಲಿ ಅದು ವಿಚಿತ್ರವೇನಲ್ಲ. ಶಾಲೆಯ ವಾರ್ಷಿಕ ವರದಿಯ ಜೊತೆಗೇ ಉಪಾಧ್ಯಾಯರೊಬ್ಬರ ಸಂಶೋಧನಾ ಲೇಖನ ಅಚ್ಚಾಗುತ್ತಿತ್ತು. ಅದೇ ಊರಿನ ಕ್ರಾಯ್ಟ್ಸ್ ಶಾಲೆಯ ಮುಖ್ಯಸ್ಥರಾಗಿದ್ದ ಫ್ರೀಡ್ರಿಶ್ ಹುಲ್ಚ್ ಗ್ರೀಕ್ ಗಣಿತಜ್ಞ ಪಾಪಸ್‌ನ ಕೃತಿಯನ್ನು ಸಂಪಾದಿಸಿದ್ದರು.

ಮನಿಟಿಯಸ್ 1894ರಲ್ಲಿ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್‌ನ ಕೃತಿ ತಂದರು, ಅವನ ನಂತರದ ಗ್ರೀಕ್ ಲೇಖಕರ ಪೈಕಿ 1898ರಲ್ಲಿ ಜೆಮಿನಸ್‌ನದು, 1909ರಲ್ಲಿ ಪ್ರೊಕ್ಲಸ್‌ನದು. ಗ್ರೀಕ್ ಮೂಲದ ಜೊತೆಗೆ ಜರ್ಮನ್ ಅನುವಾದವನ್ನೂ ಕೊಟ್ಟರು. ಇಂಥ ಗ್ರಂಥಗಳಿಗೆ ಲ್ಯಾಟಿನ್ ಅನುವಾದ ಕೊಡುವ ರೂಢಿ ಇನ್ನೂ ಇದ್ದ ಕಾಲ ಅದು. ಓದುವವನಿಗೆ ತಿಳಿಯಬೇಕು ಅನ್ನುವ ಮೇಷ್ಟ್ರ ಬುದ್ಧಿ ಎಲ್ಲಿ ಹೋದೀತು!

ಹಿಪ್ಪಾರ್ಕಸ್ ಬರೆದದ್ದರಲ್ಲಿ ಪೂರ್ತಿಯಾಗಿ ಉಳಿದಿರುವುದು ಆ ಒಂದೇ ಕೃತಿ. ಅದೂ ಬೇರೆಯವರ ತಪ್ಪು ತೋರಿಸುವ ಪುಸ್ತಕ. ಆಕಾಶವೆಲ್ಲ ಯಾವ ಬಿಂದುವಿನ ಸುತ್ತ ತಿರುಗಿದಂತೆ ಕಾಣುತ್ತದೋ ಆ ಧ್ರುವದಲ್ಲಿ ಒಂದು ನಕ್ಷತ್ರ ಅಲುಗಾಡದೆ ನಿಂತಿದೆ ಎಂದು ಅವನಿಗಿಂತ ಹಿಂದಿನ ಗ್ರೀಕ್ ಖಗೋಳಜ್ಞ ಯೂಡಾಕ್ಸಸ್ ಬರೆದಿದ್ದ. ಇಲ್ಲ, ಆ ಜಾಗ ಖಾಲಿ, ಪಕ್ಕದ ಮೂರು ನಕ್ಷತ್ರಗಳ ಜೊತೆ ಆ ಬಿಂದು ಸೇರಿದರೆ ಹೆಚ್ಚುಕಡಿಮೆ ಒಂದು ಚೌಕವಾಗುತ್ತದೆ ಎನ್ನುತ್ತಾನೆ ಹಿಪ್ಪಾರ್ಕಸ್. ಅವನು ಹೇಳಿದ್ದು ಸರಿ. ಇವತ್ತು ನಾವು ತೋರಿಸುವ ಧ್ರುವ ನಕ್ಷತ್ರ ಆಗ ಧ್ರುವದಿಂದ ಸುಮಾರು 12 ಡಿಗ್ರಿ ದೂರದಲ್ಲಿತ್ತು.

ಈಗ ಅಂಕಿಯ ವಿಷಯಕ್ಕೆ ಬರೋಣ. ಗ್ರೀಕರು ಸಂಖ್ಯೆಗೆ ಅಕ್ಷರಗಳನ್ನೇ ಬಳಸುತ್ತಿದ್ದರು. ಆಲ್ಫಾ 1, ಡೆಲ್ಟಾ 4, ಲ್ಯಾಂಬ್ಡಾ 30. ದೊಡ್ಡಕ್ಷರದಲ್ಲಿ ಮೂರೂ ಗುಡಿಸಲಿನ ಆಕಾರದವೇ, ವ್ಯತ್ಯಾಸ ಅಡ್ಡಗೆರೆಯೊಂದರದು. ಗೆರೆ ನಡುವೆ ಬಿದ್ದರೆ 1, ಬುಡಕ್ಕೆ ಬಿದ್ದರೆ 4, ಇಲ್ಲದೇ ಹೋದರೆ 30. ಲಿಪಿಕಾರನ ಕೈ ಒಂಚೂರು ಜಾರಿದರೆ ನಕ್ಷತ್ರವೇ ಜಾಗ ಬಿಟ್ಟು ಹೋಗುತ್ತದೆ. ನಮ್ಮವರು ಇಲ್ಲಿ ಜಾಣರು ಅನ್ನಿಸುತ್ತದೆ. ಬಾಣ ಅಂದರೆ 5, ಋತು 6, ಅಗ್ನಿ 3, ಓದುವುದು ಹಿಂದಿನಿಂದ; ಹೀಗೆ 365ನ್ನು ‘ಬಾಣ, ಋತು, ಅಗ್ನಿ’ ಎಂದು ಪದ್ಯದಲ್ಲಿ ಕೂರಿಸಿದರೆ ಛಂದಸ್ಸೇ ಕಾವಲು ಕಾಯುತ್ತದೆ.

ಹಾಗಾದರೆ ಲೆಕ್ಕ ಹಾಕಿ ಆ ಕಾಲದ ಆಕಾಶ ನೋಡಿ, ಅಂಕಿ ತಿದ್ದಿಬಿಟ್ಟರಾಯಿತು, ಅಲ್ವಾ? ಅಪಾಯ ಇರುವುದೇ ಅಲ್ಲಿ. ಹಳೆಯ ಖಗೋಳಜ್ಞನೂ ತಪ್ಪು ಮಾಡಿರಬಹುದು. ಲಿಪಿಕಾರನ ತಪ್ಪನ್ನು ತೆಗೆಯಬೇಕು, ಮೂಲದವನ ತಪ್ಪನ್ನು ಮುಟ್ಟಬಾರದು.

ಒಂದು ಉದಾಹರಣೆ. ನಮ್ಮ ಚಿತ್ತಾ ನಕ್ಷತ್ರ ಕನ್ಯಾ ರಾಶಿಯ 24 ಡಿಗ್ರಿಯಲ್ಲಿದೆ ಎಂಬುದು ಹಿಪ್ಪಾರ್ಕಸ್‌ನ ಲೆಕ್ಕ. ಅವನಾದ ಮೇಲೆ 265 ವರ್ಷಕ್ಕೆ ಬಂದ ಖಗೋಳಜ್ಞ ಟಾಲೆಮಿಯ ನಕ್ಷತ್ರ ಪಟ್ಟಿಯಲ್ಲಿ ಅದು 26 ಡಿಗ್ರಿ 40 ನಿಮಿಷ (60 ನಿಮಿಷಕ್ಕೆ 1 ಡಿಗ್ರಿ). ನಕ್ಷತ್ರಗಳೆಲ್ಲ ಒಟ್ಟಾಗಿ ರಾಶಿಚಕ್ರದಲ್ಲಿ ನಿಧಾನವಾಗಿ, 100 ವರ್ಷಕ್ಕೆ 1 ಡಿಗ್ರಿ ಸರಿಯುತ್ತವೆ ಎಂದು ಟಾಲೆಮಿ ನಂಬಿದ್ದ. ಆ ಲೆಕ್ಕದಲ್ಲಿ 265 ವರ್ಷಕ್ಕೆ ಹತ್ತಿರ ಹತ್ತಿರ 2 ಡಿಗ್ರಿ 40 ನಿಮಿಷವೇ! ನಿಜಕ್ಕೂ ಸರಿಯುವುದು 72 ವರ್ಷಕ್ಕೆ 1 ಡಿಗ್ರಿ, ಅಂದರೆ ಅವನ ಅಂಕಿ ಸುಮಾರು 1 ಡಿಗ್ರಿ ಕಮ್ಮಿ. ಇಡೀ ಪಟ್ಟಿಯಲ್ಲೇ ಈ ಕೊರತೆ ಇದೆ. ಆಕಾಶ ನೋಡಿ ಅಳೆದನೋ, ಹಿಪ್ಪಾರ್ಕಸ್‌ನ ಅಂಕಿಗೆ ಕೂಡಿಸಿ ಬರೆದನೋ ಎಂಬ ಜಗಳ ಹುಟ್ಟಿದ್ದು ಇಲ್ಲಿ. ಯಾರೋ ಉಪಕಾರ ಮಾಡುತ್ತೇನೆಂದು ತಿದ್ದಿದ್ದರೆ ಆ ಜಗಳಕ್ಕೆ ಆಧಾರವೇ ಉಳಿಯುತ್ತಿರಲಿಲ್ಲ.

ಟಾಲೆಮಿಯ ಆ ಪುಸ್ತಕ ‘ಅಲ್ಮಜೆಸ್ಟ್’. 13 ಭಾಗ, ಸಾವಿರಕ್ಕೂ ಹೆಚ್ಚು ನಕ್ಷತ್ರ. ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಅದರ ಗ್ರೀಕ್ ಮೂಲವನ್ನು 1898 ಮತ್ತು 1903ರಲ್ಲಿ ಹೊರತಂದರು. ಅದನ್ನು ಹಿಡಿದು ಮನಿಟಿಯಸ್ 1912–13ರಲ್ಲಿ ಎರಡು ಸಂಪುಟಗಳಲ್ಲಿ ಜರ್ಮನ್‌ಗೆ ತಂದರು. ಯಾವ ನಕ್ಷತ್ರಕ್ಕೆ ಇಂದಿನ ಹೆಸರೇನು ಎಂದೂ ಗುರುತಿಸಿದರು. 1963ರಲ್ಲಿ ಇದು ಮತ್ತೆ ಅಚ್ಚಾದಾಗ ತಿದ್ದುಪಡಿ ಪಟ್ಟಿ ಸೇರಿಸಿದವರು ಓಟೋ ನಾಯ್ಗೆಬೌರ್. ಪುರಾತನ ಖಗೋಳದಲ್ಲಿ ಅವರಿಗಿಂತ ದೊಡ್ಡ ಹೆಸರು ಆಗ ಇರಲಿಲ್ಲ. ಟೂಮರ್ ಅವರ ಇಂಗ್ಲಿಷ್ ಅನುವಾದ ಬಂದದ್ದು 1984ರಲ್ಲಿ. ಅದರ ಅಡಿಟಿಪ್ಪಣಿಗಳಲ್ಲೂ ಈ ಮೇಷ್ಟ್ರ ಹೆಸರು ಆಗಾಗ ಸಿಗುತ್ತದೆ. ಓದಬೇಕೆನ್ನುವವರು ನಕ್ಷತ್ರ ಪಟ್ಟಿ ಇರುವ 7 ಮತ್ತು 8ನೇ ಭಾಗಗಳಿಂದ ಶುರು ಮಾಡಬಹುದು. ಮೊದಲ ಭಾಗದ ರೇಖಾಗಣಿತ ಆಮೇಲೆ ನೋಡಿದರೂ ನಡೆಯುತ್ತದೆ.