ಜಹಗೀರಿನಿಂದ ಗಿರಣಿಯವರೆಗೆ: ದಾವಣಗೆರೆಯ ನೆಲದ ದಾಖಲೆ ಓದುವ ಬಗೆ

ದಾವಣಗೆರೆಯ ಕೈಗಾರಿಕಾ ಬೆಳವಣಿಗೆ ಕುರಿತು ಬರೆಯುವವರು ಬಹಳ ಸಲ ಮೊದಲ ಸಾಲಿನಲ್ಲೇ ಎಡವುತ್ತಾರೆ: ‘ಹೈದರಾಲಿ ಈ ಊರನ್ನು ಮರಾಠಾ ಸರದಾರ ಅಪೋಜಿರಾಮನಿಗೆ ಜಹಗೀರು ಕೊಟ್ಟ, ಆ ಜಹಗೀರಿನ ಜಮೀನಿನಲ್ಲೇ ಗಿರಣಿಗಳು ಎದ್ದವು.’ ಮೊದಲರ್ಧ ಸರಿ, ಉಳಿದರ್ಧ ತಪ್ಪು. ಜಹಗೀರು ಅಂದರೆ ಕಂದಾಯ ಎತ್ತಿಕೊಳ್ಳುವ ಹಕ್ಕು. ಹೊಲ ಉಳುವವನ ಕೈಯಲ್ಲೇ ಇರುತ್ತಿತ್ತು. ಜಹಗೀರುದಾರ ಮಾಡಿದ ದೊಡ್ಡ ಕೆಲಸ ವ್ಯಾಪಾರಿಗಳನ್ನು ಕರೆತಂದು ನೆಲೆ ನಿಲ್ಲಿಸಿದ್ದು. ಟಿಪ್ಪುವಿನ ಕಾಲದಲ್ಲೂ ಆ ಪ್ರೋತ್ಸಾಹ ನಿಲ್ಲಲಿಲ್ಲ. ಜಹಗೀರಿನಿಂದ ನಮಗೆ ಸಿಕ್ಕಿದ್ದು ಪೇಟೆ. ಗಿರಣಿಗೆ ನೆಲ ಸಿಕ್ಕಿದ್ದು ಬೇರೆ ದಾರಿಯಲ್ಲಿ, ಒಂದೊಂದೇ ಸರ್ವೆ ನಂಬರಾಗಿ. ಹಾಗಾಗಿ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ನೆಲದ ಮೇಲೆ ಯಾರಿಗೆ, ಯಾವ ಹಕ್ಕು ಇತ್ತು?

ಗಿರಣಿ ಇಲ್ಲಿಗೇ ಯಾಕೆ ಬಂತು

ಪುಣೆ–ಬೆಂಗಳೂರು ರಸ್ತೆ, ಹರಿಹರದ ಬಳಿ 1868ರ ತುಂಗಭದ್ರಾ ಸೇತುವೆ, 1889ರಲ್ಲಿ ಹರಿಹರ ಮುಟ್ಟಿದ ಮೀಟರ್ ಗೇಜ್ ರೈಲು. ಈ ಮೂರೂ ಕೂಡಿದಾಗ ಸುತ್ತಲಿನ ಎರೆಹೊಲದ ಹತ್ತಿಗೆ ದಾವಣಗೆರೆ ಪೇಟೆಯೇ ಹತ್ತಿರದ ಬಾಗಿಲಾಯಿತು.

ಮೊದಲು ಬೇಕಾಗುವುದು ನೂಲುವ ಮಿಲ್ಲಲ್ಲ, ಜಿನ್ನಿಂಗ್, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಕೆಲಸ. ಲೆಕ್ಕ ಹಾಕಿ ನೋಡಿ: 100 ಕೆಜಿ ಬಿಡಿಹತ್ತಿ ಬಿಡಿಸಿದರೆ ಅರಳೆ ಸಿಗುವುದು ಸುಮಾರು 33ರಿಂದ 35 ಕೆಜಿ, ಉಳಿದದ್ದರಲ್ಲಿ ಬಹುಪಾಲು ಬೀಜ. ಮೂರನೇ ಎರಡು ಪಾಲು ಭಾರವನ್ನು ದೂರ ಸಾಗಿಸುವುದು ನಷ್ಟ. ಆದ್ದರಿಂದ ಹತ್ತಿ ಇಳಿಯುವ ಜಾಗದಲ್ಲೇ ಜಿನ್ನಿಂಗ್, ಪಕ್ಕದಲ್ಲಿ ಅರಳೆಯನ್ನು ಒತ್ತಿ ಬೇಲ್ ಕಟ್ಟುವ ಪ್ರೆಸ್ (ಈಗಿನ ಲೆಕ್ಕದಲ್ಲಿ ಒಂದು ಬೇಲ್ 170 ಕೆಜಿ), ಬೀಜಕ್ಕೆ ಎಣ್ಣೆ ಗಾಣ, ಹಿಂಡಿಗೆ ದನದ ಮಾರುಕಟ್ಟೆ. ನೂಲುವ ಮಿಲ್ಲು ಈ ಸರಪಳಿಯ ತುದಿ. ಸ್ವಾತಂತ್ರ್ಯಕ್ಕೂ ಮೊದಲೇ ಶುರುವಾದ ದಾವಣಗೆರೆ ಕಾಟನ್ ಮಿಲ್ಲನ್ನು ಹಿಂಬಾಲಿಸಿ ಇನ್ನಷ್ಟು ಮಿಲ್ಲುಗಳು ಬಂದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಅಂಟಿತು.

ಮಿಲ್ಲಿಗೆ ಊರಂಚಿನ ಹೊಲವೇ ಬೇಕಾದದ್ದು ಅಗ್ಗ ಅನ್ನುವ ಒಂದೇ ಕಾರಣಕ್ಕಲ್ಲ. ಬೇಲ್ ಗೋದಾಮಿಗೆ ಬೆಂಕಿಯ ಭಯ, ಅದು ಮನೆಗಳಿಂದ ದೂರ ಇರಬೇಕು. ನೂಲುವ ವಿಭಾಗದಲ್ಲಿ ಗಾಳಿಯ ತೇವಾಂಶ ಸುಮಾರು ಶೇ 55–60 ಇರಬೇಕು. ನಮ್ಮ ಒಣ ಬೇಸಿಗೆಯಲ್ಲಿ ಅದು ಇಳಿದರೆ ಎಳೆ ಪಟಪಟ ಹರಿಯುತ್ತದೆ, ಧೂಳಿನಂತೆ ನಾರು ಹಾರುತ್ತದೆ. ಹಾಗಾಗಿ ಬಾವಿ ತೋಡಲು, ನೀರು ನಿಲ್ಲಿಸಲು ಸ್ವಂತ ಜಾಗ ಬೇಕೇ ಬೇಕು. ಎರೆಮಣ್ಣಿನದು ಮತ್ತೊಂದು ಕಾಟ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಪಾಯ ಮೇಲ್ಮೇಲೆ ಹಾಕಿದರೆ ಗೋಡೆ ಸೀಳುತ್ತದೆ. ಗಟ್ಟಿ ಪದರ ಸಿಗುವವರೆಗೆ ಅಗೆದು ಮೊರಂ (ಗರಸು ಮಣ್ಣು) ತುಂಬಬೇಕು, ಇಲ್ಲವೇ ಮಸಾರಿ (ಕೆಂಪು ಮಣ್ಣಿನ) ನೆಲ ಹುಡುಕಬೇಕು. ನಕ್ಷೆಯಲ್ಲಿ ಕಾರ್ಖಾನೆಗಳು ಎಲ್ಲಿ ಗುಂಪುಗೂಡಿವೆ ಎಂದು ನೋಡುವಾಗ ಮಣ್ಣನ್ನೂ ಜೊತೆಗಿಟ್ಟು ನೋಡಿ.

ಹರಿಹರದ ಕತೆ ಬೇರೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಮುಂತಾದ ಯಂತ್ರೋಪಕರಣ ಮಾಡುತ್ತಿತ್ತು. ಅದಕ್ಕೆ ಸುತ್ತಲಿನ ಬೆಳೆಯ ಹಂಗಿರಲಿಲ್ಲ. ಅದನ್ನು ಹತ್ತಿಯ ಸರಪಳಿಗೆ ಪೋಣಿಸಬೇಡಿ.

ನಾಲೆ ಬಂದ ಮೇಲೆ

ಭದ್ರಾ ನಾಲೆಯ ನೀರು ಹರಿದ ಮೇಲೆ ಹತ್ತಿ, ಜೋಳದ ಹೊಲಗಳು ಗದ್ದೆಯಾದವು. ಮಿಲ್ಲಿಗೆ ಹತ್ತಿ ದೂರದಿಂದ ಬರಬೇಕಾಯಿತು, ಅಕ್ಕಿ ಗಿರಣಿಗಳು ಹೆಚ್ಚಿದವು. 100 ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು. ಅದೇ ಹೊಟ್ಟು ಒಲೆಯ ಉರುವಲು. ಭತ್ತ, ಹೊಟ್ಟು, ಕಾದ ಮರಳು, ಕೈಗೆ ಸಿಗುವ ಕೂಲಿ ಒಂದೆಡೆ ಸೇರಿದಲ್ಲಿ ಮಂಡಕ್ಕಿ ಭಟ್ಟಿಗಳ ಕೇರಿಯೇ ಹುಟ್ಟಿತು. ದೊಡ್ಡ ಮಿಲ್ಲುಗಳ ಚರಿತ್ರೆಯಲ್ಲಿ ಈ ಕೇರಿಗೆ ಒಂದು ಸಾಲೂ ಸಿಗದಿರುವುದು ಅನ್ಯಾಯ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೂ ಉರಿದದ್ದು ಈ ಒಲೆಗಳೇ.

ಹಕ್ಕು ಕೈಬದಲಾದ ಕಾನೂನುಗಳು

ಜೋಡಿ ಇನಾಮು (ಕಂದಾಯದಲ್ಲಿ ರಿಯಾಯಿತಿಯಿದ್ದ ಕೊಡುಗೆ ಜಮೀನು), ದೇವದಾಯ (ದೇವಸ್ಥಾನಕ್ಕೆ ಬಿಟ್ಟದ್ದು), ಉಂಬಳಿ (ಊರ ಹುದ್ದೆಯ ಕೆಲಸಕ್ಕೆ ಕೊಟ್ಟದ್ದು): ಇವು ಸಣ್ಣ ಸಣ್ಣ ತುಂಡುಗಳಾಗಿ ಊರ ಸುತ್ತ ಹರಡಿದ್ದವು. ವೈಯಕ್ತಿಕ ಮತ್ತು ಸಂಕೀರ್ಣ ಇನಾಮು 1954ರ ಕಾಯ್ದೆಯಿಂದ, ಧಾರ್ಮಿಕ ಇನಾಮು 1955ರ ಕಾಯ್ದೆಯಿಂದ, ಶಾನುಭೋಗ, ತಳವಾರರ ಉಂಬಳಿ 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಿಂದ ಹೋದವು. ಭೂ ಸುಧಾರಣೆಯಲ್ಲಿ ಗೇಣಿ ಜಮೀನು 1-3-1974ಕ್ಕೆ ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಸರ್ಕಾರಕ್ಕೆ ಸೇರಿತು; ಗೇಣಿದಾರರು ನಮೂನೆ 7ರ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಆದೇಶವಾಗಿ, ನಮೂನೆ 10ರ ಹಕ್ಕುಪತ್ರ ಪಡೆದರು. ಹಾಗೆ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ಅಂದರೆ 1978ರಲ್ಲಿ ಹಕ್ಕು ಪಡೆದ ಹೊಲ 1993ಕ್ಕೆ ಮೊದಲು ಕಾರ್ಖಾನೆಗೋ ಬಡಾವಣೆಗೋ ಕ್ರಯವಾಗಿದ್ದರೆ ಅಲ್ಲೊಂದು ತೊಡಕಿದೆ ಎಂದೇ ತಿಳಿಯಿರಿ.

ದಾವಣಗೆರೆಯ ಕರೂರಿನಂಥ ಕೈಗಾರಿಕಾ ಪ್ರದೇಶದ ದಾರಿ ಬೇರೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ಕಲಂ 3(1)ರ ಘೋಷಣೆ, 28(1)ರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಯ ವಿಚಾರಣೆ, 28(4)ರ ಅಂತಿಮ ಅಧಿಸೂಚನೆ. ಇದಾದ ಮೇಲೆ ಜಮೀನು ಸರ್ಕಾರದ್ದು. ಪ್ರಾಥಮಿಕ ಅಧಿಸೂಚನೆಯ ಸರ್ವೆ ನಂಬರುಗಳನ್ನೇ ಸ್ವಾಧೀನವಾದವು ಎಂದು ಪಟ್ಟಿ ಮಾಡುವುದು ವಿದ್ಯಾರ್ಥಿಗಳ ನಿತ್ಯದ ತಪ್ಪು. ವಿಚಾರಣೆಯಲ್ಲಿ ಕೆಲವು ಕೈಬಿಟ್ಟಿರುತ್ತಾರೆ. ಎರಡನ್ನೂ ಎದುರುಬದುರು ಇಟ್ಟು ಓದಿ.

ಒಂದು ಸರ್ವೆ ನಂಬರಿನ ಬೆನ್ನು ಹತ್ತುವುದು

ಗ್ರಾಮ ನಕ್ಷೆಯಲ್ಲಿ ನಂಬರು ಗುರುತಿಸಿ, ಮೂಲ ಟಿಪ್ಪಣಿಯಲ್ಲಿ ಅಳತೆ, ಆಕಾರ್‌ಬಂದ್‌ನಲ್ಲಿ ವಿಸ್ತೀರ್ಣ ಮತ್ತು ಆಕಾರ (ಕಂದಾಯ), ಆಮೇಲೆ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ). ಪಹಣಿಯ 9ನೇ ಕಾಲಂನ ಹೆಸರಿಗಿಂತ 10ನೇ ಕಾಲಂ ಮುಖ್ಯ, ಹಕ್ಕು ಹೇಗೆ ಬಂತೆಂದು ಹೇಳುವುದು ಅದು.

ವಿಸ್ತೀರ್ಣದಲ್ಲಿ ಎಚ್ಚರ. ‘3-20’ ಎಂದರೆ 3 ಎಕರೆ 20 ಗುಂಟೆ, ಒಟ್ಟು 140 ಗುಂಟೆ. ಅದನ್ನು 3.20 ಎಂದು ಕಂಪ್ಯೂಟರಿಗೆ ತುಂಬಿದರೆ ಅದು 128 ಗುಂಟೆಯಾಗುತ್ತದೆ. ಗುಂಟೆಗೆ 1,089 ಚದರ ಅಡಿಯಂತೆ 13,068 ಚದರ ಅಡಿ ಮಾಯ! ಇಂಥ ನೂರು ಹೊಲ ಕೂಡಿಸಿದರೆ ಪ್ರಬಂಧದ ಕೋಷ್ಟಕವೇ ಸುಳ್ಳಾಗುತ್ತದೆ. ಖರಾಬನ್ನೂ (ಸಾಗುವಳಿಗೆ ಬಾರದ ಭಾಗ) ಬೇರೆ ಬರೆದುಕೊಳ್ಳಿ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಹೊಲ ಮಾರಾಟವಾದರೂ ಅದು ಮಾರಾಟವಾಗುವುದಿಲ್ಲ. ಇವತ್ತು ಮಳೆ ಬಂದಾಗ ಶೆಡ್ಡಿನೊಳಗೆ ನೀರು ನುಗ್ಗುವ ಕಡೆ ಹಳೆಯ ಗ್ರಾಮ ನಕ್ಷೆ ತೆಗೆದು, ಅಲ್ಲೊಂದು ಹಳ್ಳದ ಗೆರೆ ಇದೆಯೇ ನೋಡಿ.

ಪೋಡಿಯಾದಾಗ, ಅಂದರೆ ಸರ್ವೆ ನಂಬರು ತುಂಡಾದಾಗ, 45/2 ಎಂಬುದು 45/2ಎ, 45/2ಬಿ ಆಗುತ್ತದೆ; ಹಿಸ್ಸಾ (ಪಾಲು) ಬದಲಾದ ವರ್ಷ ಬರೆದಿಡದಿದ್ದರೆ ಒಂದೇ ತುಂಡನ್ನು ಎರಡು ಸಲ ಎಣಿಸುತ್ತೀರಿ. ಭೂಪರಿವರ್ತನೆಯಾಗಿ ಪಟ್ಟಣದ ಮಿತಿಯೊಳಗೆ ಸೇರಿದ ಮೇಲೆ ಜಾಡು ನಗರಸಭೆ ಅಥವಾ ಮಹಾನಗರ ಪಾಲಿಕೆಯ ಖಾತೆಗೆ ಹೊರಳುತ್ತದೆ. ಅಲ್ಲಿ ಬಳಕೆಯಲ್ಲಿರುವುದು ಅಸೆಸ್‌ಮೆಂಟ್ ನಂಬರು. ಎರಡನ್ನೂ ಬೆಸೆಯುವ ಕಾಗದವೆಂದರೆ ಪರಿವರ್ತನೆಯ ಆದೇಶ ಮತ್ತು ಅನುಮೋದಿತ ಬಡಾವಣೆ ನಕ್ಷೆ. ಪಹಣಿ ನಿಂತಿತೆಂದು ಹುಡುಕಾಟ ಕೈಬಿಡಬೇಡಿ, ಈ ಎರಡನ್ನು ಕೇಳಿ ಪಡೆಯಿರಿ.

ಅಂಕಿಅಂಶದಲ್ಲಿ ಇನ್ನೊಂದು ಗುಂಡಿ ಇದೆ. ದಾವಣಗೆರೆ ಜಿಲ್ಲೆ ಆದದ್ದು 15-8-1997ರಂದು. ಅದಕ್ಕೂ ಹಿಂದೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದವು, ಹರಪನಹಳ್ಳಿ ಆಮೇಲೆ ಮರಳಿ ಹೋಯಿತು. 1991ರ ಚಿತ್ರದುರ್ಗದ ಅಂಕಿಯನ್ನು 2001ರ ಚಿತ್ರದುರ್ಗದ ಜೊತೆ ಹೋಲಿಸಿದರೆ ಅಲ್ಲಿನ ಗಿರಣಿಗಳೆಲ್ಲ ಹತ್ತೇ ವರ್ಷದಲ್ಲಿ ಎದ್ದುಹೋದಂತೆ ಕಾಣುತ್ತದೆ. ಯಾವ ಕೋಷ್ಟಕವನ್ನೇ ಮಾಡಿ, ತಾಲ್ಲೂಕುವಾರು ಮಾಡಿ.