ತೂತುಕುಡಿ ಗೋಲಿಬಾರ್: ಆಯೋಗ ಹೇಳಿದ್ದೇನು, ಅದು ಎಲ್ಲಿ ನಿಂತಿತು

2018ರ ಮೇ 22. ತಮಿಳುನಾಡಿನ ತೂತುಕುಡಿಯಲ್ಲಿ ಸ್ಟರ್ಲೈಟ್ ತಾಮ್ರದ ಕಾರ್ಖಾನೆ ವಿರುದ್ಧದ ಹೋರಾಟಕ್ಕೆ ಅಂದು ನೂರನೇ ದಿನ. ಸಾವಿರಾರು ಜನ ಜಿಲ್ಲಾಧಿಕಾರಿ ಕಚೇರಿಯತ್ತ ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಆ ದಿನ ಮತ್ತು ಮರುದಿನದ ಘಟನೆಗಳಲ್ಲಿ 13 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 17 ವರ್ಷದ ಒಬ್ಬ ಹುಡುಗಿಯೂ ಇದ್ದಳು.

ಜನರ ಸಿಟ್ಟು ನೂರು ದಿನದ್ದಲ್ಲ. ಈ ಕಾರ್ಖಾನೆ ಮೊದಲು ಮಹಾರಾಷ್ಟ್ರದ ರತ್ನಗಿರಿಯಲ್ಲಿ ಬರಬೇಕಿತ್ತು. ಅಲ್ಲಿನವರು ವಿರೋಧಿಸಿದ ಮೇಲೆ ತೂತುಕುಡಿಗೆ ಬಂತು. 1990ರ ದಶಕದ ಕೊನೆಯಲ್ಲಿ ಕೆಲಸ ಶುರುವಾದಾಗಿನಿಂದಲೂ ಗಾಳಿ, ಅಂತರ್ಜಲ ಕೆಟ್ಟಿವೆ ಎಂಬ ದೂರು ಇದ್ದೇ ಇತ್ತು. 2010ರಲ್ಲಿ ಮದ್ರಾಸ್ ಹೈಕೋರ್ಟ್ ಕಾರ್ಖಾನೆ ಮುಚ್ಚಲು ಹೇಳಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ, ಪರಿಸರ ಹಾನಿಗಾಗಿ 100 ಕೋಟಿ ರೂಪಾಯಿ ಕಟ್ಟಿಸಿತು. ಆದರೂ 2018ರಲ್ಲಿ ಉತ್ಪಾದನೆಯನ್ನು ದುಪ್ಪಟ್ಟು ಮಾಡುವ ತಯಾರಿ ನಡೆದಿತ್ತು. ಕಾರ್ಖಾನೆ ಪಕ್ಕದ ಕುಮಾರರೆಡ್ಡಿಯಾರ್‌ಪುರಂ ಹಳ್ಳಿಯವರು ಧರಣಿ ಕೂತಿದ್ದು ಆಗಲೇ.

ಗುಂಡು ಹಾರಿದ ಬೆನ್ನಲ್ಲೇ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅರುಣಾ ಜಗದೀಶನ್ ಅದರ ಮುಖ್ಯಸ್ಥರು. ಇಂಥ ಆಯೋಗ ಎಂದರೆ ಜನರಿಗೆ ಅಷ್ಟು ನಂಬಿಕೆ ಇರುವುದಿಲ್ಲ. ಸಿಟ್ಟು ತಣ್ಣಗಾಗಲಿ ಅಂತ ಸುಮ್ನೆ ಮಾಡ್ತಾರೆ ಎಂಬ ಮಾತು ಅಂದೂ ಕೇಳಿಬಂತು. ಆಯೋಗದ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಯಿತು. 2021ರ ಮೇನಲ್ಲಿ ಮಧ್ಯಂತರ ವರದಿ, 2022ರ ಮೇನಲ್ಲಿ ಅಂತಿಮ ವರದಿ ಬಂತು. ನಾಲ್ಕು ವರ್ಷ ಹಿಡಿದರೂ, ಈ ಆಯೋಗ ತನ್ನ ಕೆಲಸ ಮಾಡಿತು ಎಂದು ಒಪ್ಪಲೇಬೇಕು. 1,048 ಸಾಕ್ಷಿಗಳನ್ನು ಕೇಳಿತು. 1,544 ದಾಖಲೆಗಳನ್ನು ನೋಡಿತು. ಬರೆದಿದ್ದನ್ನು ಸುತ್ತಿ ಬಳಸಿ ಬರೆಯಲಿಲ್ಲ.

ಗುಂಡು ಹಾರಿಸುವಂಥ ಪರಿಸ್ಥಿತಿಯೇ ಇರಲಿಲ್ಲ ಎಂದು ಅದು ಹೇಳಿತು. ಜನ ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದ ಗುಂಡುಗಳಲ್ಲ ಇವು. ಓಡಿಹೋಗುತ್ತಿದ್ದವರ ಮೇಲೆ, ಕಚೇರಿ ಆವರಣದ ಉದ್ಯಾನದಲ್ಲಿ ಮರೆಯಾಗಿ ನಿಂತು ಹೊಡೆದವು. ಹಲವರಿಗೆ ಏಟು ಬಿದ್ದಿದ್ದು ಹಿಂದಿನಿಂದ. ಗುಂಪನ್ನು ಚದುರಿಸಲು ಪೊಲೀಸರಿಗೇ ಒಂದು ಕ್ರಮ ಇದೆ: ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಲಾಠಿ. ಗುಂಡು ಕಟ್ಟಕಡೆಗೆ, ಅದೂ ಸೊಂಟದ ಕೆಳಗೆ. ಆ ಕ್ರಮ ಪಾಲನೆಯಾಗಲಿಲ್ಲ ಎಂದು ವರದಿ ಹೇಳುತ್ತದೆ. ಒಬ್ಬನೇ ಪೊಲೀಸ್ ಬೇರೆ ಬೇರೆ ಜಾಗಗಳಲ್ಲಿ ಒಟ್ಟು 17 ಸುತ್ತು ಗುಂಡು ಹಾರಿಸಿದ್ದನ್ನೂ ಅದು ಗುರುತಿಸಿತು. ಓದುವಾಗ ಎದೆ ಭಾರವಾಗುತ್ತದೆ.

ವರದಿ ಕೆಳಗಿನವರ ಹೆಸರು ಬರೆದು ಮುಗಿಸಲಿಲ್ಲ. ಅಂದಿನ ದಕ್ಷಿಣ ವಲಯದ ಐಜಿ, ಡಿಐಜಿ, ಜಿಲ್ಲಾ ಎಸ್‌ಪಿ ಸೇರಿ 17 ಪೊಲೀಸರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಜಿಲ್ಲಾಧಿಕಾರಿ ಕರ್ತವ್ಯಲೋಪ ಮಾಡಿದ್ದಾರೆ ಎಂದಿತು. ಎರಡು ದಿನ ಮೊದಲು ನಡೆದ ಶಾಂತಿ ಸಭೆಗೆ ಅವರು ಬಂದಿರಲಿಲ್ಲ. ಗುಂಡು ಹಾರಿದ ದಿನ ಅವರಿದ್ದಿದ್ದು ಅದೇ ಜಿಲ್ಲೆಯ ಇನ್ನೊಂದು ಊರು ಕೋವಿಲ್‌ಪಟ್ಟಿಯಲ್ಲಿ. ಮುಖ್ಯಮಂತ್ರಿಯಾಗಿದ್ದ ಎಡಪ್ಪಾಡಿ ಪಳನಿಸ್ವಾಮಿ, ಗೋಲಿಬಾರ್ ವಿಷಯ ಟಿವಿ ನೋಡಿ ಗೊತ್ತಾಯಿತು ಎಂದಿದ್ದರು. ಅದು ನಿಜವಲ್ಲ, ಹಿರಿಯ ಅಧಿಕಾರಿಗಳು ಕ್ಷಣಕ್ಷಣದ ಸುದ್ದಿಯನ್ನು ಅವರಿಗೆ ಮುಟ್ಟಿಸುತ್ತಿದ್ದರು ಎಂದು ಆಯೋಗ ದಾಖಲಿಸಿತು. ಸತ್ತವರ ಕುಟುಂಬಕ್ಕೆ ತಲಾ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದೂ ಹೇಳಿತು.

ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಮುಂದೇನಾಗಬೇಕು? ಮೊಕದ್ದಮೆ ನಡೆಯಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಕಾನೂನಿನ ದಾರಿ ಹಾಗಿಲ್ಲ.

ಈ ಆಯೋಗಗಳು ನಡೆಯುವುದು 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ. ಸಾಕ್ಷಿಗಳನ್ನು ಕರೆಸುವ, ಪ್ರಮಾಣ ಮಾಡಿಸಿ ಕೇಳುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಅವಕ್ಕಿದೆ. ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಆಯೋಗದ ಮುಂದೆ ಒಬ್ಬ ಹೇಳಿದ ಮಾತನ್ನು ಆಮೇಲೆ ಅವನ ಮೇಲಿನ ಕೇಸಿನಲ್ಲಿ ಬಳಸುವಂತಿಲ್ಲ ಎಂದು ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಸುಳ್ಳು ಸಾಕ್ಷ್ಯ ನುಡಿದರೆ ಮಾತ್ರ ಬೇರೆ. ಜನ ಹೆದರದೆ ಮಾತಾಡಲಿ ಎಂಬುದು ಅದರ ಆಶಯ. ಆದರೆ ಆಯೋಗದ ಮುಂದೆ ಯಾರಾದರೂ ತಪ್ಪು ಒಪ್ಪಿಕೊಂಡರೂ ಕೋರ್ಟಿನಲ್ಲಿ ಎಲ್ಲವನ್ನೂ ಮೊದಲಿನಿಂದ ಸಾಬೀತು ಮಾಡಬೇಕು. ವರದಿ ಸರ್ಕಾರಕ್ಕೆ ಕೊಟ್ಟ ಸಲಹೆ, ಅಷ್ಟೇ. 1958ರಲ್ಲೇ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು.

ಇದರ ಬಿಸಿ ಜಾಸ್ತಿ ಮುಟ್ಟಿದ್ದು ಕೇರಳಕ್ಕೆ. 1994ರ ನವೆಂಬರ್ 25ರಂದು ಕಣ್ಣೂರು ಜಿಲ್ಲೆಯ ಕೂತ್ತುಪರಂಬಿನಲ್ಲಿ ಸಚಿವ ಎಂ.ವಿ. ರಾಘವನ್ ವಿರುದ್ಧ ಪ್ರತಿಭಟನೆ ನಡೆದಿತ್ತು. ಪೊಲೀಸರ ಗುಂಡಿಗೆ ಸಿಪಿಎಂನ ಯುವ ಸಂಘಟನೆ ಡಿವೈಎಫ್ಐನ ಐವರು ಬಲಿಯಾದರು. ಗೋಲಿಬಾರ್ ಸಮರ್ಥನೀಯವಲ್ಲ ಎಂದು ಪದ್ಮನಾಭನ್ ನಾಯರ್ ಆಯೋಗ ಹೇಳಿತು. ಸರ್ಕಾರ ವರದಿ ಒಪ್ಪಿ, ಅದರ ಆಧಾರದ ಮೇಲೆಯೇ ಹೊಸ ಕೇಸು ಹಾಕಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದು ಮಾಡಿತು. ಆಯೋಗದ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ, ಒಂದೇ ಘಟನೆಗೆ ಎರಡನೇ ಎಫ್ಐಆರ್ ಸಲ್ಲದು, ಬೇಕಿದ್ದರೆ ಮೊದಲ ಎಫ್ಐಆರ್‌ ಮೇಲೆಯೇ ಹೆಚ್ಚಿನ ತನಿಖೆ ನಡೆಸಿ ಎಂದಿತು.

ನನ್ನ ಪ್ರಕಾರ ಗಂಟು ಇರುವುದು ಇಲ್ಲೇ. ಗೋಲಿಬಾರ್ ಆದಾಗ ಮೊದಲ ಎಫ್ಐಆರ್ ಬರೆಯುವವರು ಸಾಮಾನ್ಯವಾಗಿ ಪೊಲೀಸರೇ. ಅದರಲ್ಲಿ ಆರೋಪಿ ಎಂದರೆ ಗಲಭೆ ಮಾಡಿದ ಗುಂಪು. ಆಯೋಗ ವರ್ಷಗಟ್ಟಲೆ ಕೂತು ಬೇರೆಯದೇ ಸತ್ಯ ಹೊರತೆಗೆದರೂ, ಕೇಸು ಮಾತ್ರ ಆ ಮೊದಲ ಕಾಗದದ ಸುತ್ತಲೇ ಸುತ್ತುತ್ತದೆ. ಗುಂಡೇಟಿಗೆ ಜೀವ ಹೋದ ಕೂಡಲೇ, ಆ ಜಿಲ್ಲೆಯ ಪೊಲೀಸರಿಗೆ ಸಂಬಂಧವಿಲ್ಲದ ಸಂಸ್ಥೆ ಸಾವಿನ ಕೇಸನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ನಮ್ಮ ರಾಜ್ಯಕ್ಕೂ ಇದು ಅನ್ವಯಿಸುತ್ತದೆ. 1980ರ ನರಗುಂದ-ನವಲಗುಂದ, 2008ರ ಹಾವೇರಿಯ ಗೊಬ್ಬರ ಗಲಾಟೆ, 2019ರ ಮಂಗಳೂರು, ಎಲ್ಲವನ್ನೂ ನಾವು ಕಂಡವರೇ.

ತೂತುಕುಡಿ ವರದಿಯನ್ನು 2022ರ ಅಕ್ಟೋಬರ್ 18ರಂದು ವಿಧಾನಸಭೆಯಲ್ಲಿ ಮಂಡಿಸಿದರು. ಆರು ತಿಂಗಳೊಳಗೆ ಮಂಡಿಸಬೇಕು ಎಂಬ ನಿಯಮ ಪಾಲನೆಯಾಯಿತು. ಆ ಹೊತ್ತಿಗೆ ಅಮಾನತಾದವರು ನಾಲ್ವರು: ಒಬ್ಬ ಇನ್‌ಸ್ಪೆಕ್ಟರ್, ಮೂವರು ಕೆಳಹಂತದ ಪೊಲೀಸರು. ಹಿರಿಯ ಅಧಿಕಾರಿಗಳ ಮೇಲೆ ಇಲಾಖಾ ಕ್ರಮದ ಮಾತಾಯಿತು. ಹೈಕೋರ್ಟ್ 2018ರಲ್ಲೇ ಕೇಸುಗಳನ್ನು ಸಿಬಿಐಗೆ ಒಪ್ಪಿಸಿತ್ತು. ಆಯೋಗ ಇನ್ನೂ ಸಾಕ್ಷಿ ಕೇಳುತ್ತಿದ್ದಾಗಲೇ, ಅದೇ ವರ್ಷ ಅಕ್ಟೋಬರಿನಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತನ್ನ ಕಡತ ಮುಚ್ಚಿಬಿಟ್ಟಿತ್ತು. ಇದನ್ನು ಒಪ್ಪುವುದು ಕಷ್ಟ.

ಕಾರ್ಖಾನೆಯ ವಿಷಯ ಬೇಗ ಇತ್ಯರ್ಥವಾಯಿತು. ಗೋಲಿಬಾರ್ ಆಗಿ ಒಂದು ವಾರದೊಳಗೆ, 2018ರ ಮೇ 28ರಂದು, ಅದನ್ನು ಶಾಶ್ವತವಾಗಿ ಮುಚ್ಚಲು ಸರ್ಕಾರ ಆದೇಶಿಸಿತು. ಕಾರ್ಖಾನೆಯ ಒಡೆತನದ ವೇದಾಂತ ಕಂಪನಿಯ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 29ರಂದು ತಳ್ಳಿಹಾಕಿತು. ಮೆರವಣಿಗೆ ಹೊರಟವರು ಕೇಳಿದ್ದು ಅದನ್ನೇ.