ಕಾರ್ಗಿಗೆ ಬಾಲ ಇದೆಯೋ ಇಲ್ವೋ?

ಕಾರ್ಗಿ ನಾಯಿ ಸಾಕೋಣ ಅನ್ಕೊಂಡು ಫೋಟೋ ನೋಡೋಕೆ ಕೂತ್ರೆ ಮೊದಲು ತಲೆ ಕೆಡೋದೇ ಬಾಲದಲ್ಲಿ. ಒಂದಕ್ಕೆ ನರಿ ಥರ ದಪ್ಪನೆ ಬಾಲ, ಇನ್ನೊಂದಕ್ಕೆ ಬಾಲವೇ ಇಲ್ಲ, ಎರಡಕ್ಕೂ ಹೆಸರು ಕಾರ್ಗಿ!

ಮೂಲದಲ್ಲಿ ಇದು ವೇಲ್ಸ್‌ನ ದನ ಕಾಯೋ ನಾಯಿ. ಕಾಲು ಗಿಡ್ಡ, ಹಿಂದಿನಿಂದ ಹೋಗಿ ದನದ ಹಿಮ್ಮಡಿ ಕಚ್ಚಿ ಓಡಿಸುತ್ತೆ, ದನ ಒದ್ರೆ ಆ ಒದೆ ಇದರ ತಲೆ ಮೇಲಿಂದ ಹೋಗುತ್ತೆ. (ಮನೇಲಿ ಓಡಾಡೋ ಮಕ್ಕಳ ಹಿಮ್ಮಡಿಗೂ ಅದೇ ಗತಿ, ಮೊದಲೇ ಹೇಳಿಬಿಡ್ತೀನಿ.) ತಲೆತಲಾಂತರ ಹೊಲದಲ್ಲೇ ಇದ್ದದ್ದು ಆಮೇಲೆ ಶೋಗೆ ಬಂತು. ನಾಯಿ ತಳಿಗಳನ್ನ ಪಟ್ಟಿ ಮಾಡೋ ಬ್ರಿಟನ್ನಿನ ಸಂಸ್ಥೆ ಕೆನಲ್ ಕ್ಲಬ್ 1928ರಲ್ಲಿ ಒಂದೇ ತಳಿ ಅಂತ ಸೇರಿಸ್ಕೊಳ್ತು, 1934ರಲ್ಲಿ ಕಾರ್ಡಿಗನ್, ಪೆಂಬ್ರೋಕ್ ಅಂತ ಬೇರೆ ಮಾಡ್ತು. ಕಾರ್ಡಿಗನ್‌ಗೆ ಉದ್ದ ಬಾಲ, ಪೆಂಬ್ರೋಕ್‌ಗೆ ಮೋಟು ಬಾಲ, ಅಷ್ಟೇ.

ಅಷ್ಟೇ ಆಗಿದ್ರೆ ಚೆನ್ನಾಗಿತ್ತು. ಪೆಂಬ್ರೋಕ್‌ನಲ್ಲಿ ಕೆಲವು ಮರಿ ಮಾತ್ರ ಹುಟ್ಟುತ್ಲೇ ಮೋಟು. ಅದು ಟಿ ಅನ್ನೋ ಜೀನ್‌ನಲ್ಲಿ ಆಗೋ ಮ್ಯುಟೇಶನ್ (ಬದಲಾವಣೆ), ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೆ ಮೋಟು ಬಾಲ, ಇಬ್ಬರಿಂದಲೂ ಬಂದ್ರೆ ಮರಿ ಹೊಟ್ಟೇಲೇ ಉಳಿಯಲ್ಲ, ಹಾಗಾಗಿ ಮೋಟಿಗೆ ಮೋಟು ಕ್ರಾಸ್ ಮಾಡಿ ಎಲ್ಲಾ ಮರಿಗಳನ್ನೂ ಮೋಟು ಮಾಡ್ತೀನಿ ಅಂದ್ರೆ ಆಗೋ ಮಾತಲ್ಲ. ಉಳಿದಿದ್ದು ಕತ್ತರಿ. ಇನ್ನೂ ಕಣ್ಣೇ ಬಿಡದ, ಎರಡು ಮೂರು ದಿನದ ಮರಿ, ಅದರ ಬಾಲ ಕಟ್ ಮಾಡೋದು, ಇಲ್ಲಾಂದ್ರೆ ಬುಡಕ್ಕೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ ತಾನಾಗೇ ಉದುರೋವರೆಗೆ ಬಿಡೋದು. ದನ ತುಳಿದುಬಿಡುತ್ತೆ ಅಂತ ಕಾರಣ ಹೇಳೋರು. ಅದೇ ದನದ ಹಿಂದೆ ಕಾರ್ಡಿಗನ್ ಅಷ್ಟುದ್ದ ಬಾಲ ಇಟ್ಕೊಂಡೇ ಓಡಾಡ್ತಿತ್ತಲ್ಲ, ಇರ್ಲಿ.

ನಾರ್ವೆ 1987ರಲ್ಲಿ, ಸ್ವೀಡನ್ 1989ರಲ್ಲಿ ಬಾಲ ಕತ್ತರಿಸೋದು ನಿಲ್ಲಿಸಿದ್ವು. ಬ್ರಿಟನ್ 1993ರಲ್ಲಿ ವೆಟ್, ಅಂದ್ರೆ ಪಶುವೈದ್ಯರು ಮಾತ್ರ ಮಾಡ್ಬೇಕು ಅಂತು. ಈ ಹೊತ್ತಲ್ಲೇ ಒಂದು ಮಜಾ ನಡೀತು, ಬ್ರೂಸ್ ಕ್ಯಾಟನಾಕ್ ಅನ್ನೋ ಜೆನೆಟಿಕ್ಸ್ ವಿಜ್ಞಾನಿ ಬಾಕ್ಸರ್ ನಾಯಿಗೂ ಕಾರ್ಗಿಗೂ ಕ್ರಾಸ್ ಮಾಡಿ, ಮತ್ತೆ ಮತ್ತೆ ಬಾಕ್ಸರ್‌ಗೇ ಕೂಡಿಸುತ್ತಾ ಹೋಗಿ, ಕೆಲವೇ ತಲೆಮಾರಲ್ಲಿ ಹುಟ್ಟಾ ಮೋಟು ಬಾಲದ ಬಾಕ್ಸರ್ ತಂದೇಬಿಟ್ರು. ಕತ್ತರಿ ಬೇಡ ಅನ್ನೋರಿಗೆ ಒಂದು ದಾರಿ ಇತ್ತು ಅಂತಾಯ್ತು.

2007ರಲ್ಲಿ ಬ್ರಿಟನ್ನಲ್ಲೂ ಕಾರ್ಗಿ ಬಾಲಕ್ಕೆ ಕತ್ತರಿ ಹಾಕೋದು ನಿಂತ್ಹೋಯ್ತು. ಅಮೆರಿಕದ ಕೆನಲ್ ಕ್ಲಬ್ ಸ್ಟ್ಯಾಂಡರ್ಡ್‌ನಲ್ಲಿ (ಪೆಂಬ್ರೋಕ್ ಹೇಗಿರಬೇಕು ಅನ್ನೋ ನಿಯಮದಲ್ಲಿ) ಮಾತ್ರ ಈಗಲೂ 2 ಇಂಚಿಗಿಂತ ಉದ್ದ ಬಾಲಕ್ಕೆ ಜಾಗ ಇಲ್ಲ. ಹಾಗಾಗಿ ಬಾಲ ಇರೋ ಪೆಂಬ್ರೋಕ್ ಕಂಡ್ರೆ ಮಿಕ್ಸ್ ತಳಿ ಅನ್ಕೋಬೇಡಿ, ಬಾಲ ಇಲ್ಲದ ಮರಿ ತೋರಿಸಿದ್ರೆ ಹುಟ್ಟಿನಿಂದ ಬಂದಿದ್ದಾ ಕತ್ತರಿಸಿದ್ದಾ ಅಂತ ಕೇಳಿ. ಬಾಲ ಇಲ್ದಿದ್ರೂ ಅದು ಸುಮ್ನಿರಲ್ಲ, ನೀವು ಬಾಗಿಲು ತೆಗೆದ ತಕ್ಷಣ ಇಡೀ ಸೊಂಟ ಆಡಿಸುತ್ತೆ.